ಬೀಚ್ ಡ್ರೈವ್ ರಸ್ತೆಯ ತೀರ್ಮಾನ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರದ ನಡುವೆ ರಾಕ್ ಕ್ರೀಕ್ ಎಂಬ ತೊರೆಯೊಂದು ಕಾಡುತುಂಬಿದ ಕಣಿವೆಯಲ್ಲಿ ಹರಿದು ಪೊಟೋಮ್ಯಾಕ್ ನದಿಯನ್ನು ಸೇರುತ್ತದೆ. ಆ ತೊರೆಯ ಮಗ್ಗುಲಲ್ಲಿಯೇ ಬಳುಕುತ್ತ ಸಾಗುವ ಬೀಚ್ ಡ್ರೈವ್ ಎಂಬ ರಸ್ತೆಯ ಮೇಲ್ಭಾಗದ ಮೂರು ತುಂಡುಗಳಲ್ಲಿ ಮೋಟಾರುಗಳು ವರ್ಷದ ಯಾವ ದಿನವೂ ಸಂಚರಿಸಕೂಡದೆಂದು ರಾಷ್ಟ್ರೀಯ ಉದ್ಯಾನ ಇಲಾಖೆಯವರು 2022ನೆಯ ನವೆಂಬರಿನಲ್ಲಿ ತೀರ್ಮಾನಿಸಿದರು. ದೂರದೇಶದ ಉದ್ಯಾನವೊಂದರ ರಸ್ತೆಗೆ ಈ ಅಂಕಣದಲ್ಲಿ ಸ್ಥಳವೇಕೆಂದು ವಾಚಕರು ಕೇಳಬಹುದು. ಸಾರ್ವಜನಿಕರ ಆಸ್ತಿಯೊಂದು ಬಹುಕಾಲದ ಬಳಕೆಯಿಂದ ಒಂದು ವರ್ಗದವರ ಅನುಭೋಗಕ್ಕೆ ಒಳಪಟ್ಟ ಮೇಲೆ ಅದನ್ನು ಸರ್ವರಿಗೂ ಮರಳಿ ದೊರಕಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮಗೆ ತೋರಲಿಲ್ಲ.

ಈ ಉದ್ಯಾನವು ಹುಟ್ಟಿದ್ದು 1890ನೆಯ ಸೆಪ್ಟೆಂಬರ್ 27ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರು ಅಂಕಿತ ಹಾಕಿದ ಶಾಸನದಿಂದ. ಸುಪ್ರಸಿದ್ಧವಾದ ಯೊಸೆಮಿಟಿ ಉದ್ಯಾನದ ಶಾಸನವು ಬಂದದ್ದು ಇದಾದ ನಾಲ್ಕು ದಿನಗಳ ತರುವಾಯ. ಜನರ ಹಿತಕ್ಕೂ ಸಂತೋಷಕ್ಕೂ ಈ ಭೂಮಿಯನ್ನು ಮೀಸಲಿಟ್ಟಿದೆಯೆಂದೂ, ಅಲ್ಲಿನ ಮರಗಳನ್ನೂ ಮೃಗಗಳನ್ನೂ ಸಾಧ್ಯವಾದಷ್ಟು ಮಟ್ಟಿಗೆ ಸಹಜ ಸ್ಥಿತಿಯಲ್ಲಿ ಕಾಪಾಡತಕ್ಕದ್ದೆಂದೂ ಶಾಸನವು ವಿಧಿಸಿತು. ಗಾಡಿಗಳಿಗೆ ರಸ್ತೆ, ಕುದುರೆ ಸವಾರರಿಗೆ ದಾರಿ, ನಡೆಯುವವರಿಗೆ ಕಾಲುದಾರಿ ಎಂದು ಮೂರನ್ನೂ ಹೇಳಿತು. ಗಾಡಿಯೆಂದರೆ ಆಗ ಕುದುರೆ ಕಟ್ಟಿದ ಗಾಡಿ; ಮೋಟಾರು ಇನ್ನೂ ಆ ನಗರದ ಬೀದಿಗೆ ಬಂದಿರಲಿಲ್ಲ. ಬೀಚ್ ಎಂದೊಡನೆ ಕಡಲತೀರವನ್ನು ನೆನೆಯುವುದು ಬೇಡ. ಲ್ಯಾನ್ಸಿಂಗ್ ಬೀಚ್ ಎಂಬ ಸೇನಾ ಇಂಜಿನಿಯರ್ ಕ್ಯಾಪ್ಟನ್ನರ ಹೆಸರು ಅದು.

ಮುಂದೆ ನಡೆದದ್ದು ಎಲ್ಲ ನಗರಗಳಲ್ಲಿಯೂ ನಡೆದದ್ದೇ. ನೀರಿನ ಜೊತೆಯಲ್ಲಿ ಸಾಗುವ ರಸ್ತೆಗೆ ಕಡಿದಾದ ಏರಿಲ್ಲ, ಅಡ್ಡಬೀದಿಗಳು ಕಡಮೆ, ಬೇಸಗೆಯಲ್ಲಿ ನೆರಳು ಹೇರಳ. ಬೈಸಿಕಲ್ಲಿನವನಿಗೆ ಯಾವ ಗುಣಗಳು ಹಿತವೋ ಅವೇ ಗುಣಗಳು ಕಚೇರಿಗೆ ಧಾವಿಸುವ ಮೋಟಾರಿನವನಿಗೂ ಅನುಕೂಲವಾದುವು. ಹೀಗೆ ವಿಹಾರದ ರಸ್ತೆಯು ಕ್ರಮೇಣ ಮೇರಿಲೆಂಡ್ ಸಂಸ್ಥಾನದ ಕಡೆಯಿಂದ ಪಟ್ಟಣಕ್ಕೆ ಬರುವವರ ಒಳದಾರಿಯಾಯಿತು. 1970ರ ದಶಕದಿಂದ ಶನಿವಾರ, ಭಾನುವಾರ ಮತ್ತು ರಜಾ ದಿನಗಳಲ್ಲಿ ಮಾತ್ರ ಕೆಲವು ಭಾಗಗಳನ್ನು ಮೋಟಾರುಗಳಿಗೆ ಮುಚ್ಚುವ ಪದ್ಧತಿ ಬಂತು. ಉಳಿದ ಐದು ದಿನಗಳು ಮೋಟಾರಿನವರವು. ಅರ್ಧ ಶತಮಾನದವರೆಗೆ ಈ ಏರ್ಪಾಡನ್ನು ರಾಜಿಯೆಂದು ಕರೆದರು. ಏಳರಲ್ಲಿ ಐದನ್ನು ಒಬ್ಬನೇ ಇಟ್ಟುಕೊಂಡರೆ ಅದು ಎಂಥ ರಾಜಿಯೋ ನಾವರಿಯೆವು.

2020ನೆಯ ಏಪ್ರಿಲಿನಲ್ಲಿ ಕೊರೋನಾ ಸಾಂಕ್ರಾಮಿಕದ ಕಾರಣದಿಂದ, ಜನರು ಒಬ್ಬರಿಗೊಬ್ಬರು ದೂರವಿದ್ದು ಗಾಳಿಯಲ್ಲಿ ಓಡಾಡಲೆಂದು, ಇಲಾಖೆಯವರು ಮೇಲ್ಭಾಗವನ್ನು ವಾರದ ಏಳು ದಿನವೂ ಮುಚ್ಚಿದರು. ಹತ್ತಾರು ವರ್ಷಗಳ ಮನವಿಪತ್ರಗಳಿಂದ ಆಗದುದು ಒಂದು ವ್ಯಾಧಿಯಿಂದ ಆಯಿತು. ಮಕ್ಕಳು ಮೊದಲ ಸಲ ಬೈಸಿಕಲ್ಲು ಕಲಿತರು, ವೃದ್ಧರು ನಡುರಸ್ತೆಯಲ್ಲಿ ನಿರ್ಭಯವಾಗಿ ನಡೆದರು, ಗಾಲಿಕುರ್ಚಿಯವರಿಗೆ ಸಮತಟ್ಟಾದ ದಾರಿ ದೊರಕಿತು. ಇನ್ನೊಂದು ಸಂಗತಿಯನ್ನೂ ಮರೆಯತಕ್ಕದ್ದಲ್ಲ. 2016ರಿಂದ 2019ರವರೆಗೆ ಇದೇ ರಸ್ತೆಯನ್ನು ದುರಸ್ತಿಗಾಗಿ ಭಾಗಭಾಗವಾಗಿ ಮುಚ್ಚಿದ್ದಾಗ ಮೋಟಾರಿನವರು ಬೇರೆ ದಾರಿ ಹಿಡಿದಿದ್ದರು. ನಗರದ ಉದ್ಯೋಗವ್ಯವಹಾರವೇನೂ ಆಗ ನಿಂತುಹೋಗಲಿಲ್ಲ.

2022ರ ಬೇಸಗೆಯಲ್ಲಿ ಇಲಾಖೆಯು ಪ್ರಕಟಿಸಿದ ಕರಡು ಹಳೆಯ ರಾಜಿಯ ಕಡೆಗೇ ವಾಲಿತು: ಬೇಸಗೆಯ ತಿಂಗಳುಗಳಲ್ಲಿ ಪೂರ್ಣ ನಿಷೇಧ, ಉಳಿದ ಕಾಲದಲ್ಲಿ ವಾರಾಂತ್ಯ ಮತ್ತು ರಜೆಗಳಲ್ಲಿ ಮಾತ್ರ. ನೆರೆಯ ಬೀದಿಗಳ ನಿವಾಸಿಗಳು ವಾಹನಗಳೆಲ್ಲ ತಮ್ಮ ಮನೆಬಾಗಿಲಿಗೆ ತಿರುಗುವುವೆಂದು ತಕರಾರು ಎತ್ತಿದರು. ದೂರ ನಡೆಯಲಾರದವರು ಕಣಿವೆಯನ್ನು ಕಾಣುವುದು ಹೇಗೆಂಬ ಪ್ರಶ್ನೆಯೂ ಬಂತು. ಈ ಎರಡನೆಯದು ಹಗುರಾದ ಮಾತಲ್ಲ. ಆದುದರಿಂದಲೇ ಜಾಯ್ಸ್ ರೋಡಿನಿಂದ ಹತ್ತನೆಯ ನಂಬರಿನ ವನಭೋಜನ ಸ್ಥಳದವರೆಗಿನ ನಡುಭಾಗವನ್ನು ಮೋಟಾರಿಗೆ ತೆರೆದಿಟ್ಟಿದ್ದಾರೆ. ಇದು ಯುಕ್ತವೆಂದೇ ನಮ್ಮ ಅಭಿಪ್ರಾಯ. ಮೊದಲನೆಯ ತಕರಾರಿನ ವಿಷಯದಲ್ಲಿ, ಪರಿಶೀಲನೆಯ ಕೊನೆಗೆ ಗುರುತರವಾದ ದುಷ್ಪರಿಣಾಮವಿಲ್ಲವೆಂದು ಇಲಾಖೆಯು ನಿರ್ಣಯಿಸಿತು. ಜನಾಭಿಪ್ರಾಯವು ಹೆಚ್ಚಾಗಿ ಪೂರ್ಣ ನಿಷೇಧದ ಪರವಾಗಿ ಬಂದುದರಿಂದ ಕರಡು ಬದಲಾಯಿತು. ಅಧಿಕಾರಿಗಳು ಪ್ರಕಟಿಸಿದ ಕರಡನ್ನು ಪ್ರಜೆಗಳ ಮಾತಿನಿಂದ ತಿದ್ದಿಕೊಳ್ಳುವುದು ಯಾವ ದೇಶದಲ್ಲಿಯೂ ದಿನನಿತ್ಯ ಕಾಣುವ ನೋಟವಲ್ಲ.

ಇಲ್ಲಿಯೇ ನಾವು ಒಂದು ವೈಚಿತ್ರ್ಯವನ್ನು ಗಮನಿಸಬೇಕಾಗಿದೆ. ವಾಷಿಂಗ್ಟನ್ ನಗರದಲ್ಲಿ ಸುಮಾರು 7 ಲಕ್ಷ ಜನರಿದ್ದಾರೆ. ಅವರು ತೆರಿಗೆ ಕೊಡುತ್ತಾರೆ. ಆದರೆ ಕಾಂಗ್ರೆಸ್ ಸಭೆಯಲ್ಲಿ ಅಂತಿಮ ಮತ ಕೊಡುವ ಪ್ರತಿನಿಧಿ ಅವರಿಗಿಲ್ಲ. ನಗರದ ಹೃದಯದಲ್ಲಿರುವ ಈ ಉದ್ಯಾನವೂ ನಗರದ್ದಲ್ಲ, ಕೇಂದ್ರ ಸರಕಾರದ್ದು. ನಗರಸಭೆಯವರಾಗಲಿ, ಮತವಿಲ್ಲದ ಪ್ರತಿನಿಧಿಯಾಗಿದ್ದು ರಸ್ತೆಯನ್ನು ಮುಚ್ಚುವುದಕ್ಕೆ ಬೆಂಬಲವಿತ್ತ ಎಲಿನರ್ ಹೋಮ್ಸ್ ನಾರ್ಟನ್ ಅವರಾಗಲಿ, ತಮ್ಮ ಮನೆಯಂಗಳದ ರಸ್ತೆಯ ಬಗ್ಗೆ ವಿನಂತಿ ಮಾಡಿಕೊಳ್ಳಬಹುದಾಗಿತ್ತೇ ಹೊರತು ಆಜ್ಞೆ ಮಾಡುವಂತಿರಲಿಲ್ಲ. ಜಗತ್ತಿಗೆ ಪ್ರಜಾಪ್ರಭುತ್ವದ ಪಾಠ ಹೇಳುವ ರಾಷ್ಟ್ರದ ರಾಜಧಾನಿಯ ಸ್ಥಿತಿಯಿದು.

ಈ ಕಾರಣದಿಂದಲೇ ದೊರೆತ ಜಯವನ್ನು ಶಾಶ್ವತವೆಂದು ಯಾರೂ ಭಾವಿಸಲಾಗದು. 2022ರ ತೀರ್ಮಾನವು ಶಾಸನವಲ್ಲ, ಇಲಾಖೆಯೊಂದರ ಆಡಳಿತದ ಆಜ್ಞೆ. ಒಂದು ಲೇಖನಿ ಬರೆದುದನ್ನು ಇನ್ನೊಂದು ಲೇಖನಿ ಹೊಡೆದುಹಾಕಬಹುದು. ನಗರದ ಮತದಾರರು ಅದಕ್ಕೆ ಉತ್ತರವನ್ನು ಯಾವ ಚುನಾವಣೆಯಲ್ಲಿ ಕೊಡಬೇಕು? ರಸ್ತೆಯನ್ನು ಉಪಯೋಗಿಸುವ ಜನರು ಅದನ್ನು ಶಾಸನದ ಮೂಲಕವೇ ಭದ್ರಪಡಿಸಿಕೊಳ್ಳಲು ಈಗಲೇ ಯತ್ನಿಸುವುದು ಲೇಸು. ವಾಡಿಕೆಯನ್ನು ನೆಚ್ಚಿಕೊಂಡರೆ ಐವತ್ತು ವರ್ಷಗಳಲ್ಲಿ ಏನಾಯಿತೆಂಬುದನ್ನು ಅವರೇ ನೋಡಿದ್ದಾರೆ.

ಗಡಿಯಾಚೆಯ ಕೆಲಸವೂ ಉಳಿದಿದೆ. ಬೀಚ್ ಡ್ರೈವ್ ಮೇರಿಲೆಂಡಿನೊಳಗೂ ಮುಂದುವರಿಯುತ್ತದೆ. ಅಲ್ಲಿ ಅದು ಮಾಂಟ್‌ಗಮರಿ ಕೌಂಟಿಯ ಉದ್ಯಾನದವರ ವಶದಲ್ಲಿದ್ದು, 2020ರಿಂದ ಈಚೆಗೆ ಕೆಲವು ಭಾಗಗಳನ್ನು ವಾರಾಂತ್ಯದಲ್ಲಿ ಮಾತ್ರ ಮೋಟಾರುಗಳಿಗೆ ಮುಚ್ಚುತ್ತ ಬಂದಿದ್ದಾರೆ. ಬುಧವಾರದ ದಿನ ಅದೇ ತೊರೆಯ ಮಗ್ಗುಲಲ್ಲಿ ಉತ್ತರಾಭಿಮುಖವಾಗಿ ಹೊರಟ ಬೈಸಿಕಲ್ ಸವಾರನು ಗಡಿಯನ್ನು ದಾಟಿದ ಮೇಲೆ ಪಕ್ಕದ ಕಾಲುದಾರಿಗೆ ಇಳಿಯಬೇಕು, ಇಲ್ಲವೆ ಮೋಟಾರುಗಳ ನಡುವೆ ಸಾಗಬೇಕು.