ರಿಂಗೆಟ್ ಪಂದ್ಯಾವಳಿ ಹೇಳುವ ವ್ಯಾಪಾರದ ಮಾತು
ಕೆನಡಾದ ನಾರ್ತ್ ಬೇ ನಗರದಲ್ಲಿ 1963ರಲ್ಲಿ ಸ್ಯಾಮ್ ಜಾಕ್ಸ್ ಅವರು ಹೆಣ್ಣುಮಕ್ಕಳಿಗಾಗಿ ರೂಪಿಸಿದ ಮಂಜುಗಡ್ಡೆಯ ಮೇಲಿನ ಆಟವೇ ರಿಂಗೆಟ್. ಚೆಂಡಿನ ಬದಲು ರಬ್ಬರ್ ಬಳೆ; ಕೋಲು ನೇರ. ಆರಂಭದಲ್ಲಿ ಐಸ್ ಹಾಕಿ ಕೋಲಿನ ಬಾಗಿದ ತುದಿಯನ್ನು ಕತ್ತರಿಸಿ ಆಡಿದ್ದುಂಟು! ಇಂದು ಅದಕ್ಕೆಂದೇ ತಯಾರಾಗುವ ಕೋಲು, ತುದಿ, ಬಳೆಗಳದೇ ಒಂದು ಪ್ರತ್ಯೇಕ ಮಾರುಕಟ್ಟೆ. ಚಿಕ್ಕದು, ನಿಜ. ಆದರೆ ಒಂಟಾರಿಯೊದ ಪ್ರಾದೇಶಿಕ ಪಂದ್ಯಾವಳಿಗಳಲ್ಲಿ ಬಾಲಕಿಯರೊಡನೆ 18 ವರ್ಷ ಮೀರಿದವರಿಗೂ ವಿಭಾಗವುಂಟು. ತಯಾರಕರು ಗಮನಿಸಬೇಕಾದದ್ದು ಇದನ್ನೇ. ಶಾಲೆಯೊಡನೆ ಆಟವೂ ಮುಗಿದರೆ, ಬೆಳೆಯುವ ಹುಡುಗಿಗೆ ಅಳತೆ ಬದಲಿಸುತ್ತ ಕೋಲು ಮಾರಿದವನು ಅವಳನ್ನು ಅಲ್ಲಿಗೇ ಕಳೆದುಕೊಳ್ಳುತ್ತಾನೆ. ಪಂದ್ಯಾವಳಿಗಳಿಗೆ ಪ್ರಾಯೋಜಕತ್ವ ನೀಡುವ ಕ್ರೀಡಾಸಾಮಗ್ರಿ ಉದ್ಯಮಿಗಳು ಫಲಕದಲ್ಲಿ ತಮ್ಮ ಹೆಸರೆಲ್ಲಿ ಎಂದು ವಿಚಾರಿಸುವುದು ಸಹಜ. ವಯಸ್ಕ ಮಹಿಳೆಯರ ವಿಭಾಗ ಇದೆಯೇ ಎಂಬುದನ್ನು ಅದಕ್ಕೂ ಮೊದಲು ವಿಚಾರಿಸಲಿ.