ಬೆಳ್ಳಿಯದು ತ್ಯಾಗವೇ?

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಪುಟ್ಟ ಕಾದಂಬರಿ. 1975ರಲ್ಲಿ ಅದನ್ನು ಸಿನಿಮಾ ಮಾಡಿದ ಬಿ.ವಿ. ಕಾರಂತರು ಬಂಟ್ವಾಳ ತಾಲೂಕಿನ ಮಂಚಿಯವರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಎರಡನ್ನೂ ತರಗತಿಯಲ್ಲಿ ಚರ್ಚಿಸಲಿ. ಆದರೆ ಪಾಠಯೋಜನೆಯಲ್ಲಿ ‘ಮೌಲ್ಯ: ಬೆಳ್ಳಿಯ ತ್ಯಾಗ’ ಎಂದು ಬರೆದು ಮುಗಿಸಬಾರದು.

ತಾಯಿಯಿಲ್ಲದ ಮನೆಯಲ್ಲಿ ಗಂಜಿ ಬೇಯಿಸುವವಳು, ತಮ್ಮಂದಿರನ್ನು ಸಾಕುವವಳು, ಕುಡಿದು ಬರುವ ಅಪ್ಪನನ್ನು ಸಂಭಾಳಿಸುವವಳು ಬೆಳ್ಳಿ. ಸಾಲ ತೀರಿಸಲು ತೋಟಕ್ಕೆ ಹೋದ ಗಂಡುಮಕ್ಕಳಲ್ಲಿ ಒಬ್ಬ ಸತ್ತ, ಇನ್ನೊಬ್ಬ ಮದುವೆಯಾಗಿ ಹಿಂದಿರುಗಲಿಲ್ಲ. ಆಮೇಲೆ ಹೊರಟವಳು ಬೆಳ್ಳಿ. ಸಾಲ ತೀರಿತು, ಅದಕ್ಕೆ ಬೆಲೆಯಾದದ್ದು ಅವಳ ದೇಹ. ಸಿನಿಮಾದಲ್ಲಿ ದುಡಿಯ ಸದ್ದೇ ಕಿವಿ ತುಂಬುವುದರಿಂದ ಮಕ್ಕಳಿಗೆ ಚೋಮನ ನೋವು ಬೇಗ ತಟ್ಟುತ್ತದೆ. ಬೆಳ್ಳಿಯ ನೋವನ್ನು ಶಿಕ್ಷಕರೇ ಪ್ರಶ್ನೆ ಕೇಳಿ ಕಾಣಿಸಬೇಕು. ‘ಒಲ್ಲೆ’ ಎನ್ನುವ ದಾರಿ ಅವಳಿಗಿತ್ತೇ? ಇಲ್ಲದಿದ್ದರೆ ಅದು ತ್ಯಾಗ ಹೇಗಾದೀತು? ತಪ್ಪು ಚೋಮನದೊಬ್ಬನದೇ, ಅವನಿಗೆ ನೆಲ ಕೊಡದ ಜಾತಿ ವ್ಯವಸ್ಥೆಯದೂ ಅಲ್ಲವೇ?

ತಮ್ಮಂದಿರನ್ನು ನೋಡಿಕೊಂಡು, ಬೀಡಿ ಕಟ್ಟುವ ತಾಯಿಗೆ ನೆರವಾಗಿ ಶಾಲೆಗೆ ಬರುವ ಹುಡುಗಿಯರು ನಮ್ಮ ತರಗತಿಗಳಲ್ಲೂ ಇದ್ದಾರೆ. ‘ಒಳ್ಳೆಯ ಮಗಳು’ ಎಂದು ಹೊಗಳುವ ಮೊದಲು, ಅವಳಿಗೆ ಓದಲು ಹೊತ್ತು ಸಿಗುತ್ತದೆಯೇ ಎಂದು ವಿಚಾರಿಸೋಣ.