ಬೇಸ್ ಒಂದೇ ಅಳತೆಯಾದರೆ

ಇಯರ್‌ಫೋನ್ ಮಾರುವ ಯಾವ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ‘ಬೇಸ್ ಹೇಗಿದೆ?’ ಅದು ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯಾಗಲಿ, ಪ್ರಶ್ನೆ ಬದಲಾಗದು. ಹಾಡಿನ ಮಾತು ಸ್ಪಷ್ಟವಿದೆಯೇ, ಪಿಟೀಲು ಪಿಟೀಲಿನಂತೆಯೇ ಕೇಳುತ್ತದೆಯೇ ಎಂದು ವಿಚಾರಿಸುವವರು ವಿರಳ. ಡಬ್ಬಿಯ ಮೇಲೂ ‘ಎಕ್ಸ್‌ಟ್ರಾ ಬೇಸ್’ ಎಂಬುದಕ್ಕೇ ದಪ್ಪಕ್ಷರ. ಐನೂರು ರೂಪಾಯಿಯ ವಸ್ತುವಿಗೆ ಇಷ್ಟು ಚಿಂತೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಒಂದು ಪೀಳಿಗೆ ಸಂಗೀತವನ್ನು, ಪಾಠವನ್ನು, ದೂರದ ಊರಿನಲ್ಲಿರುವ ಮನೆಯವರ ಮಾತನ್ನು ಕೇಳುತ್ತಿರುವುದು ಇದೇ ವಸ್ತುವಿನಿಂದ. ಅದರ ಗುಣವನ್ನು ಅಳೆಯಲು ನಾವು ಒಪ್ಪಿಕೊಂಡಿರುವ ಅಳತೆ ತಪ್ಪಾಗಿದೆ. ತಪ್ಪು ಅಳತೆ ರೂಢಿಗೆ ಬಂದರೆ ಸರಿಯಾದದ್ದು ಯಾವುದೆಂಬ ನೆನಪೇ ಅಳಿಸಿಹೋಗುತ್ತದೆ.

ಇಂಥದ್ದನ್ನು ಹಿಂದೆಯೂ ಕಂಡಿದ್ದೇವೆ. ಕ್ಯಾಸೆಟ್ ಕಾಲದ ಅನೇಕ ಟೇಪ್ ರೆಕಾರ್ಡರುಗಳಲ್ಲಿ, ಸ್ಟೀರಿಯೊಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಇಟ್ಟದ್ದಕ್ಕೆ ತಕ್ಕ ಕಾರಣವೂ ಇತ್ತು. ಸದ್ದು ಮೆಲ್ಲಗಿದ್ದಾಗ ಕೆಳಸ್ವರಗಳು ಕಿವಿಗೆ ಹೆಚ್ಚು ಮಸುಕಾಗುತ್ತವೆಂದು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಆ ಕೊರತೆ ತುಂಬಲೆಂದು ಬಂದ ಗುಂಡಿಯನ್ನು ಒಮ್ಮೆ ಒತ್ತಿದ ಜನ ಮತ್ತೆ ಬಿಡಿಸಲಿಲ್ಲ. ವಾಲ್ಯೂಮ್ ಎಷ್ಟೇ ಏರಿದರೂ ಅದು ಒತ್ತಿದಂತೆಯೇ ಇರುತ್ತಿತ್ತು. ಸಿ.ಡಿ. ಬಂದ ಮೇಲೆ ಹಾಡುಗಳನ್ನೇ ಒಂದಕ್ಕಿಂತ ಒಂದು ಜೋರಾಗಿ ಮುದ್ರಿಸುವ ಪೈಪೋಟಿ ಹುಟ್ಟಿತು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಹೊರಬಂದಾಗ, ಸದ್ದು ಒಡೆದು ಕೇಳುತ್ತಿದೆ, ಮತ್ತೆ ಮಿಶ್ರಣ ಮಾಡಿಕೊಡಿ ಎಂದು ಅಭಿಮಾನಿಗಳೇ ಮನವಿ ಸಲ್ಲಿಸಬೇಕಾಯಿತು. ಅಷ್ಟು ಹೊತ್ತಿಗೆ ಅದೇ ರೀತಿಯ ಎಷ್ಟೋ ಮುದ್ರಣಗಳು ಮಾರುಕಟ್ಟೆ ಸೇರಿಯಾಗಿತ್ತು. ಜನಕ್ಕೆ ಬೇಕಾಗಿರುವುದು ಅದೇ ಎಂಬ ಸಮಾಧಾನ ಆಗಲೂ ಇತ್ತು, ಈಗಲೂ ಇದೆ.

ಅಗ್ಗದ ಇಯರ್‌ಫೋನಿನಲ್ಲಿ ಬೇಸ್ ಇಷ್ಟು ಧಾರಾಳವಾಗಿರಲು ಕಾರಣವಿದೆ. ತುದಿಯ ರಬ್ಬರ್ ಕಿವಿಯನ್ನು ಬಿಗಿಯಾಗಿ ಮುಚ್ಚಿದಾಗ ಒಳಗೆ ಉಳಿಯುವ ಗಾಳಿ ತೀರ ಕಡಿಮೆ. ಅಷ್ಟು ಕಿರಿದಾದ ಜಾಗದಲ್ಲಿ 10 ಮಿಲಿಮೀಟರಿನ ಪೊರೆಯೂ ಮಂದ್ರವನ್ನು ಸಲೀಸಾಗಿ ಮೊಳಗಿಸಬಲ್ಲದು. ಕಷ್ಟವಿರುವುದು ಮೇಲೆ, ಸುಮಾರು 2,000ದಿಂದ 8,000 ಹರ್ಟ್ಸ್‌ವರೆಗಿನ ಭಾಗದಲ್ಲಿ. ಅದನ್ನು ಏರುಪೇರಿಲ್ಲದೆ ಕೇಳಿಸಬೇಕಾದರೆ ಪೊರೆ, ನಳಿಕೆ, ಜಾಲರಿ ಎಲ್ಲವನ್ನೂ ಜತನದಿಂದ ಹೊಂದಿಸಬೇಕು. ಆ ಶ್ರಮವನ್ನು ಉಳಿಸಿ ಬೇಸ್ ಏರಿಸಿಬಿಟ್ಟರೆ ಕುಂದು ಬಯಲಾಗುವುದಿಲ್ಲ, ಏಕೆಂದರೆ ಜೋರಾದ ಕೆಳಸ್ವರ ಮೇಲಿನ ಮೆಲುಸ್ವರಗಳನ್ನು ಮರೆಮಾಡುವುದು ಕಿವಿಯ ಸಹಜ ಧರ್ಮ. ಹಳಸಿದ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟು ಬಡಿಸಿದ ಹಾಗೆ. ಪೇಟೆಯ ಗದ್ದಲ, ಬಸ್ಸಿನ ಎಂಜಿನ್ನಿನ ಮೊರೆತ ಬಹುಮಟ್ಟಿಗೆ ಕೆಳಸ್ವರದವೇ. ಅವುಗಳ ನಡುವೆ ನಿಂತು ಪರೀಕ್ಷಿಸಿದವರಿಗೆ ಬೇಸ್ ಹೆಚ್ಚಿದ್ದದ್ದೇ ಹಿತವೆನಿಸುತ್ತದೆ. ಡಬ್ಬಿಯ ಮೇಲೆ ಅಚ್ಚಾದ ‘20–20,000 ಹರ್ಟ್ಸ್’ ಕೂಡ ಏನನ್ನೂ ಖಾತ್ರಿಪಡಿಸುವುದಿಲ್ಲ. ಆ ವ್ಯಾಪ್ತಿಯಲ್ಲಿ ಯಾವ ಸ್ವರ ಎಷ್ಟು ಜೋರು, ಯಾವುದು ಎಷ್ಟು ಕ್ಷೀಣ ಎಂಬುದನ್ನು ಅದು ತಿಳಿಸುವುದೇ ಇಲ್ಲ.

ಈಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಸೂಚನೆಗಳನ್ನು ನೋಡೋಣ. ಹಾಡಿನ ಮಾತು ತಿಳಿಯಲಿಲ್ಲವೆಂದು ವಾಲ್ಯೂಮ್ ಒಂದು ಗೆರೆ ಏರುತ್ತದೆ. ಮುಂದಿನ ತಿಂಗಳು ಅದೇ ಹಾಡಿಗೆ ಇನ್ನೊಂದು ಗೆರೆ. ಸಕಾರ ಶಕಾರಗಳ ಭೇದ ಕರಗಿ, ‘ಈಗಿನವರಿಗೆ ಉಚ್ಚಾರಣೆಯೇ ಬರುವುದಿಲ್ಲ’ ಎಂಬ ದೂರು ಹಾಡುವವರ ಮೇಲೆ ಹೋಗುತ್ತದೆ. ಸ್ವರಾಕ್ಷರಗಳ ಬಲ ಇರುವುದು ಕೆಳಗೆ, ಮಾತಿಗೆ ಅಂಚು ಕೊಡುವ ಸ, ಶ, ತ, ಕಗಳ ಗುರುತು ಇರುವುದು ಮೇಲೆ. ಬೇಸ್ ನುಂಗುವುದು ಆ ಅಂಚನ್ನೇ. ತಂಬೂರಿಯ ಕುದುರೆಯ ಮೇಲೆ ನೂಲಿಟ್ಟು ಸರಿಪಡಿಸುವುದು ಮೇಲಿನ ಉಪಸ್ವರಗಳು ಅರಳಲಿ ಎಂದು. ಇಂಥ ಇಯರ್‌ಫೋನಿನಲ್ಲಿ ಅದು ಬರೀ ಒಂದು ಗುಂಯ್ ಸದ್ದು. ಹೊಸ ಇಯರ್‌ಫೋನ್ ನಾಲ್ಕು ದಿನ ಬಳಸಿದರೆ ತಾನೇ ಸರಿಹೋಗುತ್ತದೆ ಎನ್ನುವವರಿದ್ದಾರೆ. ಬಹುಪಾಲು ಸರಿಹೋಗುವುದು ಇಯರ್‌ಫೋನ್ ಅಲ್ಲ. ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಅಷ್ಟೆ.

ಹೀಗೇ ಬಿಟ್ಟರೆ ಮುಂದೇನು? ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, ಇದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ ಗೆರೆ. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಕಾಲ ಅರ್ಧಕ್ಕೆ ಇಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಮಾತು ಹಿಡಿಯಲೆಂದು ಏರಿಸಿದ ಒಂದೆರಡು ಗೆರೆಯ ಬೆಲೆ ಇದು. ಜೋರು ಸದ್ದಿನ ಪೆಟ್ಟು ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 4,000 ಹರ್ಟ್ಸ್‌ನ ಆಸುಪಾಸಿನಲ್ಲಿ, ಅಂದರೆ ವ್ಯಂಜನಗಳ ನೆಲೆಯಲ್ಲಿ. ಆ ಭಾಗ ಕುಗ್ಗಿದವರಿಗೆ ಕೆಳಸ್ವರ ಮಾತ್ರ ತುಂಬಿ ಕೇಳುತ್ತದೆ, ಬೇಸ್ ಹೆಚ್ಚಿರುವ ಇಯರ್‌ಫೋನೇ ಇನ್ನಷ್ಟು ಇಷ್ಟವಾಗುತ್ತದೆ, ವಾಲ್ಯೂಮ್ ಇನ್ನಷ್ಟು ಏರುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಸುರಕ್ಷಿತವಾಗಿ ಕೇಳುವ ಅಭ್ಯಾಸದಿಂದ ನೂರು ಕೋಟಿಗೂ ಹೆಚ್ಚು ಯುವಜನರ ಶ್ರವಣಕ್ಕೆ ಅಪಾಯವಿದೆ ಎಂದು ಅದೇ ಸಂಸ್ಥೆ ಎಚ್ಚರಿಸಿದೆ.

ಬೇಸ್ ಶತ್ರುವಲ್ಲ, ಕಡಿಮೆ ಬೆಲೆಯೂ ಅಲ್ಲ. ಮೃದಂಗದ ಎಡತಲೆಯ ಗುಮ್ಕಿ ಇಲ್ಲದ ಕಚೇರಿ ಯಾರಿಗೆ ಬೇಕು? ಆದರೆ ಗುಮ್ಕಿಗೆ ಒಂದು ಏರಿಳಿತವಿದೆ, ಒಂದು ಕೊನೆಯಿದೆ. ಕೈ ಎತ್ತಿದ ಮೇಲೂ ಸದ್ದು ಊದಿಕೊಂಡು ಉಳಿದರೆ ಅದು ಮೃದಂಗದ್ದಲ್ಲ, ಇಯರ್‌ಫೋನಿನದು. ಪಕ್ಕದಲ್ಲಿ ವೀಣೆಯ ಮೀಟು ಬಿಡಿಯಾಗಿ ಕೇಳುತ್ತಿದ್ದರೆ ಬೇಸ್ ತನ್ನ ಜಾಗದಲ್ಲಿದೆ ಎಂದರ್ಥ. ಇನ್ನೂರು, ಮುನ್ನೂರು ರೂಪಾಯಿಯಲ್ಲೂ ಹೀಗೆ ನುಡಿಯುವವು ಇವೆ. ಹುಡುಕಲು ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ.

ಪರೀಕ್ಷೆ ಸರಳ. ಮೊದಲು ಕಿವಿಗೆ ಹೊಂದುವ ಅಳತೆಯ ರಬ್ಬರ್ ಹಾಕಿ. ಅದು ಸಡಿಲವಿದ್ದರೆ ಯಾವ ತೀರ್ಮಾನವೂ ನಿಲ್ಲದು. ಎರಡನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ, ಕೊಂಚ ಜೋರಾಗಿರುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಮೈಸೂರು ಅನಂತಸ್ವಾಮಿಯವರೋ ಸಿ. ಅಶ್ವತ್ಥ್ ಅವರೋ ಹಾಡಿದ, ನಿಮಗೆ ಬಾಯಿಪಾಠವಿಲ್ಲದ ಒಂದು ಭಾವಗೀತೆ ಹಾಕಿ. ನಿಶ್ಶಬ್ದ ಕೋಣೆಯಲ್ಲಿ, ತಗ್ಗಿದ ವಾಲ್ಯೂಮಿನಲ್ಲಿ ಪ್ರತಿ ಪದವೂ ತಿಳಿಯಬೇಕು. ಅರ್ಧ ಗಂಟೆ ಕೇಳಿದ ಮೇಲೂ ಕಿವಿಗೆ ಆಯಾಸವಾಗಬಾರದು. ಆನ್‌ಲೈನಿನಲ್ಲಿ ತರಿಸಿದ್ದರೆ ಹಿಂತಿರುಗಿಸುವ ಗಡುವಿನೊಳಗೇ ಇದನ್ನು ಮಾಡಿ ಮುಗಿಸಿ. ಈಗಾಗಲೇ ಕೊಂಡಾಗಿದ್ದರೆ ಫೋನಿನ ಇಕ್ವಲೈಜರ್‌ನಲ್ಲಿ ಕೆಳಸ್ವರ ತಗ್ಗಿಸಿ ನೋಡಿ.

‘ಎಲ್ಲರೂ ಬಳಸುತ್ತಾರೆ, ಏನಾಗಿದೆ?’ ಎಂಬ ಮಾತೇ ನಮ್ಮ ನಿಜವಾದ ಎದುರಾಳಿ. ಶ್ರವಣದೋಷ ಒಂದು ಬೆಳಗ್ಗೆ ಬಂದು ಬಾಗಿಲು ತಟ್ಟುವುದಿಲ್ಲ. ಇಯರ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಉಳಿಯುವ ಗುಂಯ್‌ಗುಡುವಿಕೆ, ಗದ್ದಲದಲ್ಲಿ ಎರಡೆರಡು ಸಲ ‘ಏನು?’ ಎಂದು ಕೇಳುವ ಅಭ್ಯಾಸ, ಇವೇ ಅದರ ಮುನ್ಸೂಚನೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹೊತ್ತು ಬರುವುದು ಬೇಡ.

ವಸತಿ ಪ್ರದೇಶದ ಸದ್ದಿಗೆ ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ಹಗಲು 55, ರಾತ್ರಿ 45 ಡೆಸಿಬೆಲ್‌ನ ಮಿತಿ ಹಾಕಿವೆ. ಕಿವಿಯೊಳಗಿನ ಸದ್ದಿಗೆ ಮಿತಿ ಹಾಕಬೇಕಾದವರು ನಾವೇ.

ಮಕ್ಕಳಿಗೆ ಕೊಡಿಸುವ ಮುನ್ನ ಹಿರಿಯರು ಒಮ್ಮೆ ಕೇಳಿ ನೋಡಲಿ. ಮಾರುವವರು ಒಂದು ಮಾತಿನ ಹಾಡನ್ನೂ ಕೇಳಿಸಲಿ. ವಾಲ್ಯೂಮ್ ಏರಿಸದೆ ಮಾತು ತಿಳಿಯದ ಇಯರ್‌ಫೋನ್, ಅದರ ಬೇಸ್ ಎಷ್ಟೇ ಇರಲಿ, ಕಳಪೆ ಇಯರ್‌ಫೋನ್.